ನಂಬರ್ ಇದ್ದರೆ ನಾಲ್ಕು ಸ್ಟಾರ್, ಇಲ್ಲದಿದ್ದರೆ ಒಂದು: ಹಳೆ ಪಾಲು ಕೇಸಿನ ಕೋರ್ಟ್ ಕಾಪಿ

ನಾನು ಕೇರಳದ ಕಾಸರಗೋಡು ಜಿಲ್ಲೆಯ ಉಪ್ಪಳದಲ್ಲಿ ಬ್ಲೌಸ್ ಹೊಲಿಯುವವಳು. ಇದುವರೆಗೆ ರಿವ್ಯೂ ಅಂತ ಬರೆದದ್ದು ಎರಡೇ. ಒಂದು ಹೊಲಿಗೆ ಮಿಷಿನಿನ ಮೋಟಾರಿಗೆ, ಇನ್ನೊಂದು ಇಸ್ತ್ರಿಪೆಟ್ಟಿಗೆಗೆ. ಮೂರನೆಯದು ಕೋರ್ಟಿನ ಕಾಪಿ ಸೆಕ್ಷನ್ನಿಗೆ ಆಗುತ್ತದೆ ಎಂದು ಯಾರಾದರೂ ಹೇಳಿದ್ದರೆ ನಗುತ್ತಿದ್ದೆ.

ಅಮ್ಮನ ಹೆಸರಿನ ಜಾಗದಲ್ಲಿ ಮನೆ ಕಟ್ಟಲು ಸಾಲ ಕೇಳಿದ್ದೆವು. ಬ್ಯಾಂಕಿನ ವಕೀಲರು ಕಾಗದ ತಿರುವಿ ಹಾಕಿ, "ಈ ಜಾಗ ನಿಮ್ಮ ಅಮ್ಮನಿಗೆ ಬಂದದ್ದು ಕೋರ್ಟಿನ ಪಾಲಿನಲ್ಲಿ. ಡಿಕ್ರಿಯ ಸರ್ಟಿಫೈಡ್ ಕಾಪಿ ಎಲ್ಲಿ?" ಎಂದರು. ಡಿಕ್ರಿ ಎಂದರೆ ತೀರ್ಪಿನಂತೆ ಕೋರ್ಟು ಬರೆದುಕೊಡುವ ಆಜ್ಞೆ. ನಮ್ಮಲ್ಲಿ ಇದ್ದದ್ದು ಒಂದು ಝೆರಾಕ್ಸ್. ಅದೂ ಝೆರಾಕ್ಸಿನ ಝೆರಾಕ್ಸು. ಮೇಲಿನ ಎರಡು ಸಾಲು ಪೂರಾ ಕಪ್ಪು. ಕೇಸಿನ ನಂಬರ್ ಇರಬೇಕಾದದ್ದು ಆ ಎರಡು ಸಾಲಿನಲ್ಲೇ.

ನಮ್ಮ ಅಜ್ಜಿಯ ತರವಾಡಿನಲ್ಲಿ, ಅಂದರೆ ಕೂಡುಕುಟುಂಬದಲ್ಲಿ, ಅಳಿಯಕಟ್ಟು. ಆಸ್ತಿ ತಾಯಿಯ ಕಡೆಯಿಂದ ಬರುವ ಪದ್ಧತಿ. ಕೇರಳದಲ್ಲಿ 1976ರ ಡಿಸೆಂಬರ್ 1ರಿಂದ ಕೂಡುಕುಟುಂಬ ಎಂಬುದನ್ನೇ ಕಾನೂನು ತೆಗೆದುಹಾಕಿತು. ಅಂದು ಕುಟುಂಬದಲ್ಲಿ ಯಾರೆಲ್ಲ ಬದುಕಿದ್ದರೋ ಅವರಿಗೆಲ್ಲ ತಲೆಗೊಂದು ಪಾಲು. ಆಮೇಲೆ ಎಷ್ಟೋ ಮನೆಗಳಲ್ಲಿ ಪಾಲು ಕೇಸು ಶುರುವಾಯಿತು. ನಮ್ಮದು 1979ರದ್ದು. ಅಜ್ಜಿಯ ಅಣ್ಣನ ಮೇಲೆ ಅಜ್ಜಿಯ ಅಕ್ಕ ಹಾಕಿದ ಕೇಸು. ಇಷ್ಟು ಮಾತ್ರ ಅಮ್ಮನಿಗೆ ಗೊತ್ತಿತ್ತು.

ಮೊದಲು ಮೊಬೈಲಿನಲ್ಲಿ ಇಕೋರ್ಟ್ಸ್ ಆ್ಯಪ್ ನೋಡಿದೆ. ಈಗ ನಡೆಯುತ್ತಿರುವ ಕೇಸಿಗೆ ಅದು ಚಿನ್ನದಂಥ ಆ್ಯಪ್. ನಮ್ಮ ಅಂಗಡಿ ಕೋಣೆಯ ಬಾಡಿಗೆ ಕೇಸೊಂದಿದೆ. ಅದರ ಸಿ.ಎನ್.ಆರ್. ನಂಬರ್ ಹಾಕಿದರೆ ಮುಂದಿನ ತಾರೀಕು, ಹಿಂದಿನ ತಾರೀಕು, ಯಾತಕ್ಕೆ ಮುಂದೆ ಹೋಯಿತು, ಎಲ್ಲ ಬರುತ್ತದೆ. ಪ್ರತಿ ಕೇಸಿಗೂ ಬೇರೆಯೇ ಕೊಡುವ, ಹದಿನಾರು ಅಕ್ಷರ-ಅಂಕಿಯ ನಂಬರ್ ಅದು. ಕೇರಳದ್ದಾದರೆ ಕೆ, ಎಲ್ ಎಂದು ಶುರುವಾಗುತ್ತದೆ, ಕೊನೆಯ ನಾಲ್ಕು ಅಂಕಿ ವರ್ಷ. ನಂಬರ್ ಇಲ್ಲದಿದ್ದರೆ ಪಾರ್ಟಿಯ, ಅಂದರೆ ವಾದಿಯ ಅಥವಾ ಪ್ರತಿವಾದಿಯ, ಹೆಸರು ಹಾಕಿ ಹುಡುಕಬಹುದು. ಆದರೆ ಹೆಸರು ಇಂಗ್ಲಿಷಿನಲ್ಲಿ ಹೇಗೆ ಬರೆದಿದ್ದಾರೋ ಹಾಗೇ ಹಾಕಬೇಕು. ಶೆಟ್ಟಿಗೆ ಕೊನೆಯಲ್ಲಿ ವೈ ಇದೆಯೋ ಐ ಇದೆಯೋ? ನಮ್ಮ ಕಡೆ ಇನ್ನೊಂದು ತಮಾಷೆ ಬೇರೆ. ಮನೆಯಲ್ಲಿ ನಾರಾಯಣ ಆಗಿದ್ದವನು ಮಲಯಾಳಿ ಗುಮಾಸ್ತರ ಕೈಗೆ ಸಿಕ್ಕಿದರೆ ನಾರಾಯಣನ್. ಒಂದು ಎನ್ ಜಾಸ್ತಿ. ಹಾಗಾಗಿ ಎರಡೂ ಥರ ಹಾಕಿ ನೋಡಿ. ಪೂರ್ತಿ ಹೆಸರಿನ ಬದಲು ಮೊದಲ ನಾಲ್ಕೈದು ಅಕ್ಷರ ಮಾತ್ರ ಹಾಕುವುದು ಇನ್ನೂ ಒಳ್ಳೆಯದು.

1979ರ ಕೇಸು ಅದರಲ್ಲಿ ಸಿಗಲಿಲ್ಲ. ಕಂಪ್ಯೂಟರ್ ಬರುವ ಮೊದಲೇ ತೀರ್ಮಾನ ಆದದ್ದು ಅಲ್ವಾ, ಸಿಗದಿದ್ದರೆ ಆಶ್ಚರ್ಯ ಇಲ್ಲ.

ಈಗ ನನ್ನ ದಡ್ಡತನದ ಕಥೆ. ಪೇಟೆಯಲ್ಲಿ ಒಬ್ಬರು "ನಾನು ತೆಗೆಸಿ ಕೊಡುತ್ತೇನೆ" ಎಂದು ಎರಡು ಸಾವಿರ ತೆಗೆದುಕೊಂಡರು. ಮೂರು ವಾರ ಕಳೆದು ಫೋನ್ ಮಾಡಿದರೆ, "ಅಕ್ಕಾ, ಫೈಲ್ ನಾಶ ಮಾಡಿದ್ದಾರೆ, ಏನೂ ಸಿಗುವುದಿಲ್ಲ." ದುಡ್ಡೂ ಇಲ್ಲ, ಕಾಗದವೂ ಇಲ್ಲ. ಹಳೆ ಫೈಲಿನಲ್ಲಿ ಕೆಲವು ಕಾಗದ ನಾಶ ಮಾಡುವುದು ನಿಜ. ಅದಕ್ಕೆ 1917ರ ಕಾಯಿದೆಯೇ ಇದೆ. ವಕಾಲತ್ತು, ಸಣ್ಣಪುಟ್ಟ ಅರ್ಜಿ, ಸಮನ್ಸು, ಇಂಥವು ಬೇಗ ಹೋಗುತ್ತವೆ. ಜಾಗದ ಕೇಸಿನ ತೀರ್ಪು, ಡಿಕ್ರಿ ಹಾಗೆ ಸುಮ್ನೆ ಹೋಗುವುದಿಲ್ಲ. ಇದು ನನಗೆ ಆಮೇಲೆ ಗೊತ್ತಾಯಿತು. ಎರಡು ಸಾವಿರ ಅಂದರೆ ಎಷ್ಟು ಬ್ಲೌಸ್ ಎಂದು ನಾನು ಲೆಕ್ಕ ಹಾಕಲಿಲ್ಲ. ಹಾಕಿದ್ದರೆ ಆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ನಂಬರ್ ಸಿಕ್ಕಿದ್ದು ಅಜ್ಜಿಯ ತಗಡಿನ ಪೆಟ್ಟಿಗೆಯಲ್ಲಿ. ಹಳೆ ಸೀರೆಯ ಅಡಿಯಲ್ಲಿ ಒಂದು ಪೋಸ್ಟ್ ಕಾರ್ಡು. ಅಜ್ಜಿಯ ವಕೀಲರು ಬರೆದದ್ದು, ಕನ್ನಡದಲ್ಲಿ. "ತಮ್ಮ ಕೇಸು ಬರುವ ಹನ್ನೆರಡನೇ ತಾರೀಕಿಗೆ ಇರುತ್ತದೆ. ತಪ್ಪದೆ ಬರುವುದು." ಮೇಲ್ಗಡೆ ಓರೆಯಾಗಿ ಒ.ಎಸ್. ಎಂದು ಬರೆದು ನಂಬರ್, ಗೀಟು, 79. ಒ.ಎಸ್. ಎಂದರೆ ಅಸಲು ದಾವೆ. ಅಪೀಲಾದರೆ ಎ.ಎಸ್., ಡಿಕ್ರಿ ಜಾರಿ ಮಾಡಿಸುವುದಾದರೆ ಇ.ಪಿ. ನಂಬರ್ ಸಿಕ್ಕಿತು ಎಂದು ಕುಣಿದರೂ ಅರ್ಧ ಕೆಲಸ ಬಾಕಿ. ಯಾಕೆಂದರೆ ಅದೇ ವರ್ಷ ಅದೇ ನಂಬರ್ ಮುನ್ಸಿಫ್ ಕೋರ್ಟಿನಲ್ಲೂ ಇರಬಹುದು, ಸಬ್ ಕೋರ್ಟಿನಲ್ಲೂ ಇರಬಹುದು.

ಇದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸೇ ದಾರಿ ತೋರಿಸಿತು. ಕುಟುಂಬದ ಮಾವ ಒಬ್ಬರು ತಮ್ಮ ಪಾಲನ್ನು ಆಮೇಲೆ ಮಾರಿದ್ದರು. ಜಾಗದ ಮೇಲೆ ನೋಂದಣಿಯಾದ ವಹಿವಾಟಿನ ಪಟ್ಟಿ ಇ.ಸಿ., ಅಂದರೆ ನಮ್ಮವರ ಬಾಯಲ್ಲಿ ಕುಡಿಕ್ಕಡ, ತೆಗೆಸಿದೆವು. ಅದರಲ್ಲಿ ಮಾವನ ಆಧಾರದ ನಂಬರ್ ಬಂತು. ಆಧಾರ್ ಕಾರ್ಡ್ ಅಲ್ಲ, ನಮ್ಮ ಕಡೆ ನೋಂದಣಿಯಾದ ಜಾಗದ ಪತ್ರಕ್ಕೆ ಆಧಾರ ಎನ್ನುತ್ತಾರೆ. ಆ ಆಧಾರದ ನಕಲು ತೆಗೆಸಿ ಓದಿದರೆ, ಜಾಗ ತನಗೆ ಹೇಗೆ ಬಂತು ಎಂದು ಹೇಳುವ ಕಡೆ ಕೋರ್ಟಿನ ಹೆಸರು, ಕೇಸಿನ ನಂಬರ್, ಡಿಕ್ರಿಯ ತಾರೀಕು ಸಾಲಾಗಿ ಇತ್ತು. ಮೊದಲೇ ಇದನ್ನು ಮಾಡಬಹುದಿತ್ತು! ನಿಮ್ಮ ಮನೆಯ ಡಿಕ್ರಿ ಕಳೆದುಹೋಗಿದ್ದರೆ ಕೋರ್ಟಿಗೆ ಓಡುವ ಮೊದಲು ಜೊತೆ ಪಾಲುಗಾರರ ಆಧಾರ ಓದಿ. ಅಂದಹಾಗೆ, 1970ರ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಸಿಕ್ಕಿದ ಪಟ್ಟೆಯಾದರೆ ಅದು ಸಿವಿಲ್ ಕೋರ್ಟಿನ ಕಾಗದವೇ ಅಲ್ಲ. ಅದಕ್ಕೆ ಲ್ಯಾಂಡ್ ಟ್ರಿಬ್ಯೂನಲ್ ಕಡೆ ಹೋಗಬೇಕು.

ಇನ್ನು ಕೋರ್ಟು. ನಮ್ಮ ಜಿಲ್ಲೆಯ ಒಂದು ಸಿವಿಲ್ ಕೋರ್ಟು ಎಂದಷ್ಟೇ ಇರಲಿ. ಕೌಂಟರಿನಲ್ಲಿದ್ದವರು ಮೊದಲ ದಿನ ನನ್ನ ಮುಖ ನೋಡದೆ, "ನೀವು ಪಾರ್ಟಿಯಾ?" ಎಂದು ಮಲಯಾಳದಲ್ಲಿ ಕೇಳಿದರು. ಅಜ್ಜಿ ಪಾರ್ಟಿ, ತೀರಿಹೋಗಿದ್ದಾರೆ, ನಾನು ಮೊಮ್ಮಗಳು ಎಂದೆ. ಹಾಗಾದರೆ ನೀವು ಹೊರಗಿನವರು, ಯಾತಕ್ಕೆ ಬೇಕೆಂದು ಅಫಿಡವಿಟ್ ಜೊತೆ ಅರ್ಜಿ ಹಾಕಿ ಎಂದರು. ಅಜ್ಜಿಯ ಕೇಸಿಗೆ ನಾನು ಹೊರಗಿನವಳು! ಸಿಟ್ಟು ಬಂತು. ಕಾಯಿದೆ ಇರುವುದು ಹಾಗೆಯೇ. ಪಾರ್ಟಿಗೆ ತೀರ್ಪು, ಡಿಕ್ರಿಯ ಕಾಪಿ ಕೇಳಿದರೆ ಕೊಡಲೇಬೇಕು, ಖರ್ಚು ಅವರದ್ದು. ಹೊರಗಿನವರು ಕಾರಣ ಹೇಳಬೇಕು.

ವರಾಂಡದಲ್ಲಿ ಕುಳಿತಿದ್ದ ವಯಸ್ಸಾದ ವಕೀಲ ಗುಮಾಸ್ತರೊಬ್ಬರು ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಹತ್ತಿರ ಕರೆದು ತುಳುವಿನಲ್ಲಿ ಕೇಳಿದರು, "ಕೇಸು ಅಳಿಯಕಟ್ಟಿನದ್ದು ಅಲ್ಲವಾ ಮಗಾ? ನಿನ್ನ ಅಮ್ಮ ಆಗ ಹುಟ್ಟಿದ್ದರಾ?" ಹುಟ್ಟಿದ್ದರು, ಹದಿನಾಲ್ಕು ವರ್ಷ. "ಹಾಗಾದರೆ ಅಮ್ಮನೇ ಪಾರ್ಟಿ. ಅವರಿಂದ ಸೈನ್ ಹಾಕಿಸು."

ಅವರು ಹೇಳಿದ್ದು ಸರಿ. ಅಮ್ಮ ಆ ಕೇಸಿನಲ್ಲಿ ಹನ್ನೊಂದನೇ ಪ್ರತಿವಾದಿ. ಮೈನರ್ ಆದ್ದರಿಂದ ಅಜ್ಜಿಯೇ ಗಾರ್ಡಿಯನ್. ಅರುವತ್ತು ವರ್ಷದವರೆಗೆ ಅಮ್ಮನಿಗೆ ಇದು ಗೊತ್ತೇ ಇರಲಿಲ್ಲ. "ನಾನು ಆಗ ಒಂಬತ್ತನೇ ಕ್ಲಾಸು, ನನ್ನ ಮೇಲೂ ಕೇಸಾ?" ಎಂದು ಎರಡು ದಿನ ಕೇಳುತ್ತಾ ಇದ್ದರು.

ಅರ್ಜಿ ದೊಡ್ಡದೇನಲ್ಲ. ಕೋರ್ಟು, ಕೇಸ್ ನಂಬರ್, ವಾದಿ-ಪ್ರತಿವಾದಿಗಳ ಹೆಸರು, ಯಾವ ಕಾಗದ, ಯಾವ ತಾರೀಕಿನದ್ದು, ಅದಕ್ಕೊಂದು ಕೋರ್ಟ್ ಫೀ ಸ್ಟಾಂಪು. ನಾನು ಎಡವಿದ್ದು "ಯಾವ ಕಾಗದ" ಎಂಬ ಕಡೆ. ಡಿಕ್ರಿ ಎಂದು ಮಾತ್ರ ಬರೆದೆ. ಪಾಲು ಕೇಸಿನಲ್ಲಿ ಡಿಕ್ರಿ ಎರಡು. ಪ್ರಿಲಿಮಿನರಿ ಡಿಕ್ರಿ ಯಾರಿಗೆ ಎಷ್ಟು ಪಾಲು ಎಂದು ಹೇಳುತ್ತದೆ. ಆಮೇಲೆ ಕೋರ್ಟು ನೇಮಿಸಿದ ಕಮಿಷನರ್ ಬಂದು ಅಳೆದು, ಯಾರಿಗೆ ಯಾವ ತುಂಡು ಎಂದು ತೀರ್ಮಾನ ಆಗುವುದು ಫೈನಲ್ ಡಿಕ್ರಿಯಲ್ಲಿ. ನನಗೆ ಬಂದದ್ದು ಮೊದಲಿನದ್ದು. ಬ್ಯಾಂಕಿಗೆ ಬೇಕಾದದ್ದು ಎರಡನೆಯದು, ಜೊತೆಗೆ ಪ್ಲಾನು. ಮತ್ತೆ ಅರ್ಜಿ, ಮತ್ತೆ ಬಸ್ಸು, ಮತ್ತೆ ಅಂಗಡಿಗೆ ಬೀಗ.

ಅರ್ಜಿ ಕೊಟ್ಟ ಮೇಲೆ ನೋಟಿಸ್ ಬೋರ್ಡಿನ ಮೇಲೆ ಕಣ್ಣಿಡಬೇಕು. ಕಾಪಿಗೆ ಇಷ್ಟು ಸ್ಟಾಂಪ್ ಬೇಕು ಎಂದು ಅರ್ಜಿಯ ನಂಬರ್ ಹಾಕುತ್ತಾರೆ. ಹೇಳಿದ ದಿನದೊಳಗೆ ಕೊಡದಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ಫೋನ್ ಬರುತ್ತದೆ ಎಂದು ಮನೆಯಲ್ಲಿ ಕಾಯಬೇಡಿ. ಒಟ್ಟು ಖರ್ಚು ಆ ಪೇಟೆಯವರು ತೆಗೆದುಕೊಂಡದ್ದರ ಹತ್ತಿರಕ್ಕೂ ಬರಲಿಲ್ಲ.

ತಂಗಿಯ ಗಂಡ ಪುತ್ತೂರಿನವರು. "ಆರ್‌ಟಿಐ ಹಾಕಿ ಅತ್ತಿಗೆ, ಮೂವತ್ತು ದಿನದಲ್ಲಿ ಬರುತ್ತದೆ" ಎಂದಿದ್ದರು. ಅದು ನಡೆಯುವುದಿಲ್ಲ. ಕೋರ್ಟಿನ ಕಾಪಿಗೆ ಕೋರ್ಟಿನದ್ದೇ ನಿಯಮ ಇರುವಾಗ ಅದೇ ದಾರಿಯಲ್ಲಿ ಕೇಳಬೇಕು ಎಂದು ಸುಪ್ರೀಂ ಕೋರ್ಟು 2020ರ ಮಾರ್ಚಿನಲ್ಲಿ ಹೇಳಿದೆ. ತೀರ್ಪಿನ ಕೊನೆಯಲ್ಲಿ ಎ-1, ಬಿ-1 ಎಂದು ಇದ್ದದ್ದೂ ಅವರಿಗೆ ಅರ್ಥ ಆಗಲಿಲ್ಲ. ಕರ್ನಾಟಕದಲ್ಲಿ ವಾದಿಯ ದಾಖಲೆಗೆ ಪಿ, ಪ್ರತಿವಾದಿಯದ್ದಕ್ಕೆ ಡಿ. ಇಲ್ಲಿ ವಾದಿಯದ್ದು ಎ, ಪ್ರತಿವಾದಿಯದ್ದು ಬಿ, ಕಮಿಷನರ್ ವರದಿ ಸಿ. ಪ್ಲಾನಿನ ಕಾಪಿ ಬೇಕಾದರೆ ಈ ಸಿ ನಂಬರನ್ನೂ ಅರ್ಜಿಯಲ್ಲಿ ಬರೆಯಿರಿ.

ನಮ್ಮ ಹಿಂದಿನವರ ಕೇಸು ಹುಡುಕುವವರಿಗೆ ಇನ್ನೊಂದು ಮಾತು. ಕಾಸರಗೋಡು ಜಿಲ್ಲೆ ಆದದ್ದು 1984ರ ಮೇ 24ರಂದು. ಅದಕ್ಕೆ ಮೊದಲು ಜಿಲ್ಲಾ ಕೋರ್ಟಿನ ಅಪೀಲಿಗೆ ತಲಶ್ಶೇರಿಗೆ ಹೋಗಬೇಕಿತ್ತು. 1956ರ ನವೆಂಬರಿಗೂ ಹಿಂದಿನದ್ದಾದರೆ ಮಂಗಳೂರಿಗೆ. ಅಜ್ಜಿಯ ಪೆಟ್ಟಿಗೆಯಲ್ಲಿ ತಲಶ್ಶೇರಿಯ ಸೀಲು ಇದ್ದ ಕಾಗದ ನೋಡಿ ನಾವು ಒಂದು ವಾರ ತಲೆ ಕೆಡಿಸಿಕೊಂಡಿದ್ದೆವು.

ಕಾಪಿ ಕೈಗೆ ಬಂದ ದಿನ ಮೊದಲು ನೋಡಿದ್ದು ಹಿಂಬದಿ. ಅಲ್ಲಿ ಅಚ್ಚು ಹೊಡೆದು ತಾರೀಕುಗಳ ಸಾಲು. ಅರ್ಜಿ ಕೊಟ್ಟದ್ದು, ಸ್ಟಾಂಪ್ ಕೇಳಿದ್ದು, ಕೊಟ್ಟದ್ದು, ಕಾಪಿ ತಯಾರಾದದ್ದು. ನನಗೆ ಅದರಿಂದ ಉಪಯೋಗ ಇಲ್ಲ. ಅಪೀಲು ಹಾಕುವವರಿಗೆ ಅದೇ ಮುಖ್ಯ. ಜಿಲ್ಲಾ ಕೋರ್ಟಿಗೆ 30 ದಿನ, ಹೈಕೋರ್ಟಿಗೆ 90 ದಿನ. ಕಾಪಿಗೆ ಹಿಡಿದ ದಿನಗಳನ್ನು ಅದರಿಂದ ಬಿಡುತ್ತಾರೆ. ಸ್ಟಾಂಪ್ ಕೊಡಲು ನೀವೇ ತಡ ಮಾಡಿದರೆ ಆ ದಿನಗಳು ನಿಮ್ಮ ಲೆಕ್ಕಕ್ಕೆ.

ಪ್ಲಾನು ನೋಡಿ ಮಾತ್ರ ಬೇಜಾರಾಯಿತು. ವರದಿಯಲ್ಲಿ "ಹಸಿರು ಗೆರೆಯ ಒಳಗಿನ ಭಾಗ ಹನ್ನೊಂದನೇ ಪ್ರತಿವಾದಿಗೆ, ಕೆಂಪು ಗೆರೆಯ ಒಳಗಿನದ್ದು ಏಳನೆಯವರಿಗೆ" ಎಂಬ ಅರ್ಥದ ಮಾತಿದೆ. ಕಾಪಿಯಲ್ಲಿ ಎಲ್ಲ ಗೆರೆಯೂ ಕಪ್ಪು. ದಿನಾ ಬಣ್ಣಬಣ್ಣದ ದಾರ ಹಿಡಿಯುವವಳಿಗೇ ಯಾವುದು ಹಸಿರು, ಯಾವುದು ಕೆಂಪು ಎಂದು ತಿಳಿಯಲಿಲ್ಲ. ವಾಪಸ್ ಹೋಗಿ ಕೇಳಿದೆ. ಮೊದಲ ದಿನ ಮುಖ ನೋಡದವರೇ ಈ ಸಲ ಎದ್ದು ಒಳಗೆ ಹೋಗಿ, ಕಟ್ಟು ಬಿಚ್ಚಿ ಅಸಲು ಪ್ಲಾನು ತಂದರು. ಅದರ ಪಕ್ಕ ಇಟ್ಟು ನೋಡಿ, ಕಾಪಿಯ ಮೇಲೆ ಬಣ್ಣದ ಗೆರೆ ಎಳೆದು ಮತ್ತೆ ಸೀಲು ಹಾಕಿ ಕೊಟ್ಟರು. ಅದಕ್ಕೇ ನಾಲ್ಕು ಸ್ಟಾರ್. ನೀವು ಅರ್ಜಿಯಲ್ಲೇ "ಬಣ್ಣ ಸಹಿತ" ಎಂದು ಬರೆದುಬಿಡಿ.

ಎರಡು ಕಾಪಿ ಕೇಳಿ. ಒಂದನ್ನು ಬ್ಯಾಂಕಿನವರು ಇಟ್ಟುಕೊಂಡರು. ಇನ್ನೊಂದು ನಮ್ಮ ಕಪಾಟಿನಲ್ಲಿದೆ. ಅಮ್ಮ ಅದರ ಪ್ಲಾನಿನಲ್ಲಿ ಬಾವಿ ಹುಡುಕಿ ಬೆರಳಿಟ್ಟು, "ಇದು ಕಮಿಷನರು ಬಂದ ದಿನ ನಾನು ನೀರು ಸೇದಿಕೊಟ್ಟ ಬಾವಿ" ಎಂದರು. ಬಾವಿ ಹಸಿರು ಗೆರೆಯ ಹೊರಗಿದೆ.