ನಾಲ್ಕು ಬಿಳಿ ಅಂಗಿ, ಎರಡು ವರ್ಷ

ಅಪ್ಪನ ಹತ್ತಿರ ಆಫೀಸಿಗೆ ಅಂತ ಇದ್ದದ್ದು ನಾಲ್ಕೇ ಬಿಳಿ ಅಂಗಿ. ನಾಲ್ಕೂ ಒಂದೇ ಥರ: ಎಡಗಡೆ ಒಂದು ಜೇಬು, ಮೆತ್ತನೆಯ ಕಾಲರ್, ಸಾದಾ ಗುಂಡಿ. ಬಟ್ಟೆ ಬೆಂಗಳೂರಿನ ಬಿನ್ನಿ ಮಿಲ್ಲಿನದು. 1884ರಲ್ಲಿ ಶುರುವಾದ ಆ ಮಿಲ್ಲಿದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟು, ಮಾಲು ಎದ್ದಿವೆ. ಅಪ್ಪನ ಅಂಗಿಯಲ್ಲಿ ಒಂದು ಇವತ್ತಿಗೂ ನನ್ನ ಬೀರುವಿನಲ್ಲಿದೆ. ಮೂವತ್ತು ವರ್ಷ ದಾಟಿದ ಬಟ್ಟೆ. ಒಗೆದು ಒಗೆದು ತೆಳುವಾಗಿದೆ, ಹರಿದಿಲ್ಲ. ಹಾಕಿಕೊಂಡು ಹೊರಗೆ ಹೋದರೆ ಅದು ಯಾವ ಕಾಲದ್ದೆಂದು ಯಾರೂ ಹೇಳಲಾರರು. ನನಗೂ ಅಂಥದ್ದೇ ಬೇಕಿತ್ತು.

2023ರ ಯುಗಾದಿಯ ಹಿಂದಿನ ದಿನ ಬೀರು ಖಾಲಿ ಮಾಡಿ, ಇನ್ನು ಕೆಲವೇ ಬಟ್ಟೆ ಇಟ್ಟುಕೊಳ್ಳುವುದು, ಇಟ್ಟುಕೊಂಡದ್ದನ್ನು ಹತ್ತು ವರ್ಷ ಹಾಕುವುದು ಎಂದು ತೀರ್ಮಾನಿಸಿದೆ. ಬೂದು ಬಣ್ಣದ ಪ್ಯಾಂಟು ಎರಡು, ಡಿಸೆಂಬರ್ ಬೆಳಗಿಗೆ ಕಡುನೀಲಿ ಸ್ವೆಟರು ಒಂದು, ಕಂದು ಚರ್ಮದ ಶೂ, ಮದುವೆ ಮುಂಜಿಗೆ ಪಂಚೆ ಶಲ್ಯ. ಇವೆಲ್ಲ ಸುಲಭವಾಗಿ ಕೂಡಿಬಂದವು. ತಲೆ ಕೆಡಿಸಿದ್ದು ಬಿಳಿ ಅಂಗಿ. ಒಬ್ಬೊಬ್ಬರು ಒಂದೊಂದು ಹೇಳಿದರು. ಕೊನೆಗೆ ನಾಲ್ಕು ಬಗೆಯದನ್ನೂ ತಂದು, ಸೋಮವಾರದಿಂದ ಗುರುವಾರದವರೆಗೆ ದಿನಕ್ಕೊಂದರಂತೆ ಎರಡು ವರ್ಷ ಹಾಕಿದೆ. ಒಂದು ಮಾಲ್‌ನಲ್ಲಿ ಕೊಂಡ ರೆಡಿಮೇಡ್. ಉಳಿದ ಮೂರು ಹೊಲಿಸಿದವು: ಮಿಲ್ ಕಾಟನ್, ಲಿನನ್, ಖಾದಿ.

ಮೊದಲ ದಿನ ಎಲ್ಲಕ್ಕಿಂತ ಚೆನ್ನಾಗಿ ಕಂಡದ್ದು ರೆಡಿಮೇಡೇ. 2,299 ರೂಪಾಯಿ. ಅಪ್ಪಟ ಹತ್ತಿ, ಸುಕ್ಕಾಗುವುದಿಲ್ಲ ಎಂಬ ಚೀಟಿ ಬೇರೆ. ಕಾಲರ್ ಹಲಗೆಯ ಹಾಗೆ ನಿಂತಿತ್ತು. ಏಳನೇ ತಿಂಗಳಿಗೆ ಅದೇ ಕಾಲರಿನ ಮೇಲೆ ಸಣ್ಣ ಸಣ್ಣ ಗುಳ್ಳೆ ಎದ್ದವು, ಇಸ್ತ್ರಿ ಎಷ್ಟು ಒತ್ತಿದರೂ ಕೂರಲಿಲ್ಲ. ಕಾರಣ ಆಮೇಲೆ ಟೈಲರ್ ಬಿಚ್ಚಿ ತೋರಿಸಿದರು. ಕಾಲರಿನ ಒಳಗಿರುವ ಗಟ್ಟಿ ಪದರವನ್ನು, ಅಂದರೆ ಬಕ್ರಂ ಅನ್ನು, ಹೊಲಿದಿರುವುದಿಲ್ಲ, ಬಿಸಿಯಲ್ಲಿ ಒತ್ತಿ ಅಂಟಿಸಿರುತ್ತಾರೆ. ಒಗೆದಾಗ ಹೊರಗಿನ ಬಟ್ಟೆ ಒಂದಿಷ್ಟು ಕುಗ್ಗುತ್ತದೆ, ಒಳಪದರ ಅಷ್ಟು ಕುಗ್ಗುವುದಿಲ್ಲ. ಅಂಟು ಬಿಟ್ಟ ಕಡೆ ಗುಳ್ಳೆ. ಸುಕ್ಕಾಗದಂತೆ ಮಾಡುವ ರಾಳದ ಲೇಪಕ್ಕೂ ಒಂದು ಬೆಲೆ ಇದೆ. ಅದು ಹತ್ತಿಯ ಎಳೆಗಳನ್ನು ಬಿಗಿಯಾಗಿ ಹಿಡಿದಿಟ್ಟು ಅವುಗಳ ಬಲವನ್ನು ಕಡಿಮೆ ಮಾಡುತ್ತದೆ. ಹದಿನಾಲ್ಕನೇ ತಿಂಗಳಿಗೆ ಕಫ್ ಮಡಿಕೆಯಲ್ಲಿ ನೂಲು ಹೊರಗೆ ಬಂತು. ಅಷ್ಟರಲ್ಲಿ ನನ್ನ ಸೊಂಟವೂ ಒಂದಿಂಚು ಹೆಚ್ಚಿತ್ತು. ಪಕ್ಕದ ಹೊಲಿಗೆ ಬಿಚ್ಚಿ ಸಡಿಲ ಮಾಡೋಣವೆಂದರೆ ಒಳಗೆ ಬಿಡಲು ಬಟ್ಟೆಯೇ ಇಲ್ಲ, ಓವರ್‌ಲಾಕ್ ಹೊಡೆದು ಅಂಚಿಗೇ ಕತ್ತರಿಸಿದ್ದಾರೆ. ಎಲ್ಲ ರೆಡಿಮೇಡೂ ಹೀಗೇ ಎಂದು ನಾನು ಹೇಳುತ್ತಿಲ್ಲ. ಆದರೆ ಕೆಟ್ಟರೆ ಸರಿಪಡಿಸಲು ದಾರಿಯೇ ಇಲ್ಲದ ಅಂಗಿಯನ್ನು ಹತ್ತು ವರ್ಷದ ಲೆಕ್ಕಕ್ಕೆ ಸೇರಿಸಿಕೊಳ್ಳುವುದು ಹೇಗೆ?

ಮಿಲ್ ಕಾಟನ್ ಪೀಸ್ ತಂದದ್ದು ಚಿಕ್ಕಪೇಟೆಯಿಂದ. ನೂಲಿನ ನಂಬರು ಹೆಚ್ಚಿದಷ್ಟೂ ಎಳೆ ಸಣ್ಣ, ಬಟ್ಟೆ ನಯ. ಅಷ್ಟು ಮಾತ್ರ ಗೊತ್ತಿದ್ದ ನಾನು ನೂರಿಪ್ಪತ್ತರದನ್ನೇ ಕೇಳಿದೆ. ಅಂಗಡಿಯ ಹಿರಿಯರು ತಡೆದರು. "ಅದು ವಾರಕ್ಕೊಂದ್ಸಲ ಒಗೆಯೋಕೆ ತಡೆಯಲ್ಲ ಸಾರ್, ಎಂಬತ್ತರ ಎರಡೆಳೆ ತಗೊಳ್ಳಿ." ಎಂಬತ್ತರ ನಂಬರಿನ ಎರಡು ಎಳೆ ಕೂಡಿಸಿ ಹೊಸೆದ ನೂಲು ಅದು. ಆಮೇಲೆ ಥಾನಿನ ತುದಿಯನ್ನು ಬಾಗಿಲಿಗೆ ತಂದು ಬಿಸಿಲಿಗೆ ಹಿಡಿದರು. ನೇಯ್ಗೆ ಒಂದೇ ಸಮ ಇದೆಯೇ ನೋಡಿ ಅಂದರು. ಇನ್ನೊಂದು ಅಗ್ಗದ ಥಾನು ತೆಗೆದು, ಅದರ ತುದಿಯನ್ನು ಎರಡು ಬೆರಳ ನಡುವೆ ಉಜ್ಜಿದರು. ಬಿಳಿ ಪುಡಿ ಉದುರಿತು. ಗಂಜಿ ತುಂಬಿ ದಪ್ಪ ಕಾಣುವ ಹಾಗೆ ಮಾಡಿದ ಬಟ್ಟೆ ಅದು, ಎರಡು ಸಲ ಒಗೆದರೆ ಸೊಳ್ಳೆಪರದೆಯಂತಾಗುತ್ತದೆ. ಆ ಎರಡು ನಿಮಿಷದಲ್ಲಿ ಕಲಿತದ್ದು ಈಗಲೂ ಪ್ರತಿ ಸಲ ಉಪಯೋಗಕ್ಕೆ ಬರುತ್ತಿದೆ. ಐವತ್ತೆಂಟು ಇಂಚು ಪನ್ನದ (ಅಗಲದ) ಬಟ್ಟೆ 1.6 ಮೀಟರ್ ಸಾಕಾಯಿತು. ಮೀಟರಿಗೆ 480ರಂತೆ 768, ಹೊಲಿಗೆ 650; ಒಟ್ಟು 1,418.

ಹೊಲಿದವರು ಗಾಂಧಿ ಬಜಾರಿನ ಹಿಂದಿನ ಅಡ್ಡರಸ್ತೆಯ ಟೈಲರ್. ಅಪ್ಪನ ಅಂಗಿಯನ್ನೇ ಅಳತೆ ಅಂಗಿಯಾಗಿ ಒಯ್ದಿದ್ದೆ. ಅವರು ಅಳತೆ ತೆಗೆಯುವ ಮೊದಲು ಕಾಲರನ್ನು ಎತ್ತಿ, ಕತ್ತಿನ ಪಟ್ಟಿಗೆ ಅದು ಸೇರುವ ಜಾಗವನ್ನು ಕನ್ನಡಕದ ಹತ್ತಿರ ಹಿಡಿದು ನೋಡಿದರು.

"ಸಾರ್, ಇದನ್ನ ತಿರುಗಿಸಿದ್ದಾರೆ."

ನನಗೆ ಅರ್ಥವಾಗಲಿಲ್ಲ. ಸೂಜಿಯ ತುದಿಯಿಂದ ತೋರಿಸಿದರು. ಈಗಿನ ಹೊಲಿಗೆಯ ಪಕ್ಕದಲ್ಲೇ ಹಳೆಯ ಹೊಲಿಗೆಯ ತೂತುಗಳು, ಇರುವೆ ಸಾಲಿನ ಹಾಗೆ. ಅಂಗಿ ಮೊದಲು ಸವೆಯುವುದು ಕಾಲರಿನ ಮಡಿಕೆಯಲ್ಲಿ. ಹಾಗೆ ಸವೆದಾಗ ಕಾಲರನ್ನು ಪಟ್ಟಿಯಿಂದ ಬಿಚ್ಚಿ, ಮಗುಚಿ ಹಾಕಿ, ಮತ್ತೆ ಹೊಲಿಯುತ್ತಿದ್ದರು. ಸವೆದ ಮುಖ ಕೆಳಗೆ, ಬಿಸಿಲು ಕಾಣದ ಮುಖ ಮೇಲೆ. ಅಂಗಿಗೆ ಇನ್ನೊಂದಷ್ಟು ವರ್ಷ ಆಯುಷ್ಯ. ಅಪ್ಪ ಹೀಗೆ ಮಾಡಿಸಿದ್ದರೆಂಬುದು ಅವರು ಹೋಗಿ ಎಷ್ಟೋ ವರ್ಷದ ಮೇಲೆ ನನಗೆ ತಿಳಿಯಿತು.

"ಹಾಗಾದ್ರೆ ನನ್ನದಕ್ಕೂ ಹೊಲಿಗೆ ಬಕ್ರಂ ಹಾಕಿ ಮಾಸ್ಟರ್, ಅಂಟಿಸೋದು ಬೇಡ."

"ಹಾಕ್ತೀನಿ. ರೆಡಿಮೇಡ್ ಥರ ಸೆಟೆದು ನಿಲ್ಲಲ್ಲ, ಆಮೇಲೆ ಬೇಜಾರು ಮಾಡ್ಕೋಬಾರ್ದು."

ನಿಲ್ಲಲಿಲ್ಲ, ನಿಜ. ಮೊದಲ ಟ್ರಯಲ್‌ನಲ್ಲಿ ಭುಜವೂ ಅರ್ಧ ಇಂಚು ಹೊರಗೆ ಹೋಗಿತ್ತು, ಮತ್ತೆ ಬಿಚ್ಚಿಸಬೇಕಾಯಿತು. ಹೊಲಿಸುವವರಿಗೆ ಈ ತಾಳ್ಮೆ ಬೇಕೇ ಬೇಕು. ನಾಳೆ ಸಮಾರಂಭ ಇಟ್ಟುಕೊಂಡು ಇವತ್ತು ಬಟ್ಟೆ ಕೊಡುವವರಿಗೆ ಇದು ಆಗದು. ಆದರೆ ಎರಡು ವರ್ಷವಾದರೂ ಕಾಲರಿನಲ್ಲಿ ಒಂದು ಗುಳ್ಳೆ ಎದ್ದಿಲ್ಲ. ಪಕ್ಕದ ಹೊಲಿಗೆಯೊಳಗೆ ಮುಕ್ಕಾಲು ಇಂಚು ಬಟ್ಟೆ ಬಿಟ್ಟಿದ್ದರಿಂದ ಸೊಂಟದ ಒಂದಿಂಚೂ ಅದರಲ್ಲೇ ಹೊಂದಿತು.

ಲಿನನ್ನಿನ ಬಗ್ಗೆ ನನಗೆ ತುಂಬ ಆಸೆಯಿತ್ತು. ಅಗಸೆ ಗಿಡದ ಕಾಂಡದ ನಾರು ಅದು. ಬಟ್ಟೆ ಮೀಟರಿಗೆ 1,150, ಹೊಲಿಗೆ 750. ಒಟ್ಟು 2,590, ನಾಲ್ಕರಲ್ಲಿ ಅತಿ ದುಬಾರಿ. ಮಾರ್ಚ್, ಏಪ್ರಿಲ್‌ನಲ್ಲಿ ಅದರಷ್ಟು ಹಿತ ಯಾವುದೂ ಇಲ್ಲ, ಮೈಗೆ ಅಂಟುವುದೇ ಇಲ್ಲ. ಜುಲೈನಲ್ಲಿ ಒಣಗುವುದೂ ಬೇಗ. ಆದರೆ ಜಯನಗರದಲ್ಲಿ ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ಇಳಿಯುವಷ್ಟರಲ್ಲಿ ಮೊಣಕೈ, ಬೆನ್ನು, ಹೊಟ್ಟೆ ಎಲ್ಲ ಕಡೆ ಗೆರೆ. ಆ ನಾರಿಗೆ ಬಲವಿದೆ, ಬಗ್ಗಿ ಮತ್ತೆ ಮೊದಲಿನಂತಾಗುವ ಗುಣ ಇಲ್ಲ. ಹಾಗಾಗಿ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಮಡಿಚಿ ಇಸ್ತ್ರಿ ಮಾಡಿದರೆ ಅಲ್ಲೇ ಮುರಿಯುತ್ತದೆ. ನಮ್ಮ ಬೀದಿಯ ಇಸ್ತ್ರಿ ಅಂಗಡಿಯವರು ಕೆಂಡದ ಪೆಟ್ಟಿಗೆ ಎತ್ತುವ ಮೊದಲೇ ಹೇಳಿದ್ದರು, "ನೀರು ಚಿಮುಕಿಸಿ ಹಸಿ ಇರೋವಾಗ್ಲೇ ಮಾಡ್ಬೇಕು ಸಾರ್, ತೋಳಿಗೆ ಗೆರೆ ಎಳೆಯಲ್ಲ." ಅದಕ್ಕೆ ಐದು ರೂಪಾಯಿ ಹೆಚ್ಚು ತೆಗೆದುಕೊಳ್ಳುತ್ತಾರೆ, ಕೊಡಬೇಕಾದದ್ದೇ. ಲಿನನ್ ಒಳ್ಳೆಯ ಬಟ್ಟೆ. ಆದರೆ ಅದನ್ನು ಹಾಕಿದ ದಿನವೆಲ್ಲ "ಓ, ಲಿನನ್ನಾ?" ಎಂದು ಯಾರಾದರೂ ಕೇಳುತ್ತಾರೆ. ನಾನು ಹುಡುಕುತ್ತಿದ್ದದ್ದು ಯಾರೂ ಏನೂ ಕೇಳದ ಅಂಗಿ.

ಖಾದಿಯಲ್ಲಿ ಮೊದಲು ಒಂದು ಅಂಗಿ ಹಾಳಾಯಿತು. ಅಕ್ಟೋಬರ್ ರಿಯಾಯಿತಿಯಲ್ಲಿ ತಂದ ಪೀಸನ್ನು ನೆನೆಹಾಕದೆ ಹಾಗೇ ಹೊಲಿಯಲು ಕೊಟ್ಟೆ. ಮೊದಲ ಒಗೆತಕ್ಕೇ ತೋಳು ಮಣಿಕಟ್ಟಿನಿಂದ ಒಂದೂವರೆ ಇಂಚು ಮೇಲೇರಿತು. ಮಿಲ್ ಬಟ್ಟೆಗಳನ್ನು ಸಾಮಾನ್ಯವಾಗಿ ಯಂತ್ರದಲ್ಲಿ ಮೊದಲೇ ಕುಗ್ಗಿಸಿರುತ್ತಾರೆ. ಸ್ಯಾನ್‌ಫೋರ್ಡ್ ಕ್ಲೂಯೆಟ್ ಎಂಬ ಅಮೆರಿಕದವನು 1930ರಲ್ಲಿ ಪೇಟೆಂಟ್ ಪಡೆದ ವಿಧಾನ ಅದು, ಅವನ ಹೆಸರಿನಿಂದಲೇ ಸ್ಯಾನ್‌ಫರೈಸ್ಡ್ ಎಂಬ ಮಾತು ಬಂತು. ಕೈನೂಲಿನ ಖಾದಿಯನ್ನು ಕುಗ್ಗಿಸುವ ಕೆಲಸ ನಮ್ಮದೇ. ಎರಡನೆಯ ಪೀಸನ್ನು ರಾತ್ರಿಯಿಡೀ ಬಕೆಟ್ಟಿನಲ್ಲಿ ನೆನೆಸಿ, ಹಿಂಡದೆ ನೆರಳಲ್ಲಿ ಒಣಗಿಸಿ, ಆಮೇಲೆ ಕೊಟ್ಟೆ. ಮೂವತ್ತಾರು ಇಂಚು ಪನ್ನ, ಎರಡೂವರೆ ಮೀಟರ್. ರಿಯಾಯಿತಿ ಕಳೆದು 560, ಹೊಲಿಗೆ 650, ಒಟ್ಟು 1,210.

ಖಾದಿ ಅಂದರೆ ಒರಟು, ಅಂಕೆಯಿಲ್ಲದ ನೇಯ್ಗೆ ಎಂದು ಮೂಗು ಮುರಿಯುವವರಿದ್ದಾರೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ, 1957ರಲ್ಲಿ ಶುರುವಾದ ಖಾದಿ ಸಂಘದಲ್ಲಿ ರಾಷ್ಟ್ರಧ್ವಜ ಸಿದ್ಧವಾಗುತ್ತದೆ. ಆ ಬಟ್ಟೆಗೆ ಎಳೆಗಳನ್ನೂ ಎಣಿಸಿ ನೋಡುವ ನಿಯಮವಿದೆ. ಕೈಯಲ್ಲಿ ನೂತದ್ದೂ ಅಷ್ಟು ಕಟ್ಟುನಿಟ್ಟಾಗಿ ಬರಬಲ್ಲದು. ನನ್ನ ಅಂಗಿಯ ಬಟ್ಟೆಯಲ್ಲಿ ಅಲ್ಲಲ್ಲಿ ದಪ್ಪ ಎಳೆಗಳಿವೆ. ಮೊದಲ ತಿಂಗಳು ಕತ್ತಿನ ಹತ್ತಿರ ಕೆರೆಯುತ್ತಿತ್ತು. ಹತ್ತು ಹನ್ನೆರಡು ಒಗೆತ ಆದಮೇಲೆ ಮೆತ್ತಗಾಗುತ್ತಾ ಬಂತು, ಈಗಲೂ ಆಗುತ್ತಲೇ ಇದೆ. ನಾಲ್ಕರಲ್ಲಿ ದಿನದಿಂದ ದಿನಕ್ಕೆ ಚೆನ್ನಾದದ್ದು ಇದೊಂದೇ. ಮಡಿಚುವ ಕಾಲರ್ ಮಾತ್ರ ಅದಕ್ಕೆ ಒಪ್ಪುವುದಿಲ್ಲ, ಮಧ್ಯಾಹ್ನಕ್ಕೆ ಜೋತುಬೀಳುತ್ತದೆ. ಮುಂದಿನದಕ್ಕೆ ಪಟ್ಟಿ ಕಾಲರ್ ಇಡಿಸಿದೆ, ಸರಿಹೋಯಿತು. ಸಮಾರಂಭವಿದ್ದರೆ ಅನ್ನದ ತಿಳಿಗಂಜಿ, ಇಲ್ಲದಿದ್ದರೆ ಹಾಗೇ.

ಇಷ್ಟೆಲ್ಲ ಹೋಲಿಸುವಾಗ ಬೆಂಗಳೂರಿನ ನೀರನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ನಮ್ಮ ಬಡಾವಣೆಯಲ್ಲಿ ಬೋರ್‌ವೆಲ್ ನೀರು, ಬೇಸಿಗೆಯಲ್ಲಿ ಟ್ಯಾಂಕರ್. ಆರು ತಿಂಗಳಲ್ಲಿ ನಾಲ್ಕೂ ಅಂಗಿ ಬೂದಿ ಬಳಿದಂತಾದವು, ಖಾದಿ ಎಲ್ಲಕ್ಕಿಂತ ಹೆಚ್ಚು. ಬಸವನಗುಡಿಯಲ್ಲಿ ಅಮ್ಮನ ಮನೆಗೆ ಕಾವೇರಿ ನೀರು. ಅಲ್ಲಿ ಒಗೆದ ಅಪ್ಪನ ಅಂಗಿ ಇವುಗಳ ಪಕ್ಕದಲ್ಲಿ ಹಾಲಿನಂತೆ ಕಂಡಿತು. ಗಡಸು ನೀರಿನ ಸುಣ್ಣದಂಶ ಬಾರ್ ಸೋಪಿನ ಜೊತೆ ಸೇರಿ ಕರಗದ ಕೆನೆಯಾಗಿ ನೂಲಿನಲ್ಲಿ ಕೂರುತ್ತದೆ. ಬಾರ್ ಸೋಪು ಬಿಟ್ಟು ದ್ರವ ಡಿಟರ್ಜೆಂಟಿಗೆ ಬಂದೆ. ಕೊನೆಯ ಜಾಲಾಟಕ್ಕೆ ಮಹಡಿಯಿಂದ ಇಳಿಯುವ ಮಳೆನೀರು ಹಿಡಿದೆ. ಮಳೆ ಕೊಯ್ಲಿನ ತೊಟ್ಟಿ ಮನೆಯಲ್ಲಿ ಇದ್ದೇ ಇತ್ತು, ಗಿಡಕ್ಕೆ ಮಾತ್ರ ಬಳಸುತ್ತಿದ್ದೆವು. ಎರಡು ತಿಂಗಳಲ್ಲಿ ಮಿಲ್ ಕಾಟನ್ ಮತ್ತು ಲಿನನ್ ಬಹುಪಾಲು ಬೆಳ್ಳಗಾದವು, ಖಾದಿ ನಿಧಾನಕ್ಕೆ. ಕಂಕುಳಿನ ಹಳದಿ ಕಲೆ ಬೇರೆ ವಿಷಯ. ಬೆವರು ತಡೆಯುವ ಡಿಯೋಡರೆಂಟ್‌ಗಳಲ್ಲಿನ ಅಲ್ಯೂಮಿನಿಯಂ ಲವಣ ಬೆವರಿನೊಡನೆ ಸೇರಿದಾಗ ಆಗುವುದು ಅದು. ಡಿಯೋಡರೆಂಟ್ ಬದಲಿಸಿದೆ, ಹೊಸ ಕಲೆ ನಿಂತಿತು.

ಈಗ ಬೀರುವಿನಲ್ಲಿರುವುದು ಮಿಲ್ ಕಾಟನ್ ಎರಡು, ಖಾದಿ ಎರಡು, ಭಾನುವಾರಕ್ಕೆ ಆ ಲಿನನ್ ಒಂದು. ಒಂದೇ ಆರಿಸಿಕೋ ಅಂದರೆ, ಆಫೀಸಿಗೆ ಹೋಗುವವರಿಗೆ ಎಂಬತ್ತರ ಎರಡೆಳೆ ಮಿಲ್ ಕಾಟನ್ನೇ ಅನ್ನುತ್ತೇನೆ, ಹೊಲಿಗೆ ಬಕ್ರಂ ಹಾಕಿಸಿ. ಮನಸ್ಸಿಗೆ ಹತ್ತಿರವಾದದ್ದು ಖಾದಿ. ಕ್ಲೈಂಟ್ ಮುಂದೆ ಕೂರುವ ದಿನ ಅದನ್ನು ತೆಗೆಯುವುದಿಲ್ಲ, ಉಳಿದ ದಿನ ಕೈ ಮೊದಲು ಹೋಗುವುದು ಅದಕ್ಕೇ.

ಹೋದ ವಾರ ಮೊದಲ ಮಿಲ್ ಕಾಟನ್ ಅಂಗಿಯ ಕಾಲರ್ ಮಡಿಕೆಯಲ್ಲಿ ಎಳೆ ಕಾಣಿಸಿಕೊಂಡಿತು. ಗಾಂಧಿ ಬಜಾರಿಗೆ ಒಯ್ದೆ. ಮಾಸ್ಟರ್ ಬ್ಲೇಡಿನ ತುದಿಯಿಂದ ಒಂದೊಂದೇ ಹೊಲಿಗೆ ಬಿಚ್ಚಿ, ಕಾಲರನ್ನು ಕೈಗೆ ತೆಗೆದುಕೊಂಡು ಮಗುಚಿದರು. ಕೆಳಗಿನ ಮುಖ ಚಿಕ್ಕಪೇಟೆಯ ಬಾಗಿಲಲ್ಲಿ ಬಿಸಿಲಿಗೆ ಹಿಡಿದಾಗ ಕಂಡ ಬಿಳುಪಿನಲ್ಲೇ ಇತ್ತು. "ಶನಿವಾರ ಬನ್ನಿ ಸಾರ್" ಅಂದರು.