ಚಾಸಿಸ್ ಟ್ಯೂಬ್ ಓರೆಯಾಗಿ ಕತ್ತರಿಸಲು ಯಾವುದು: ಚಾಪ್ ಸಾ, ಬ್ಯಾಂಡ್ ಸಾ, ಗ್ರೈಂಡರ್?

ಲೋಟಸ್ ಸೆವೆನ್ ಎಂಬ ಹಗುರ ಸ್ಪೋರ್ಟ್ಸ್ ಕಾರಿನ ಮಾದರಿಯ ಕಾರನ್ನು ಮನೆಯಲ್ಲೇ ಕಟ್ಟುವವರು ಚಾಸಿಸ್‌ಗೆ, ಅಂದರೆ ಕಾರಿನ ಚೌಕಟ್ಟಿಗೆ, ಸಾಮಾನ್ಯವಾಗಿ 25 ಮಿ.ಮೀ. ಚೌಕ ಟ್ಯೂಬ್ ಬಳಸುತ್ತಾರೆ. ಗೋಡೆಯ ದಪ್ಪ ಬರೀ 1.6 ಮಿ.ಮೀ. ಜೋಡಣೆಯಲ್ಲಿ ಸಂದು ಜಾಸ್ತಿಯಾದರೆ ವೆಲ್ಡಿಂಗ್ ವೇಳೆ ಅಂಚು ಕರಗಿ ತೂತು ಬೀಳುತ್ತದೆ. ಅದಕ್ಕೇ ಕಟಿಂಗ್ ಇಷ್ಟು ಮುಖ್ಯ.

ಚಾಪ್ ಸಾ (ತಿರುಗುವ ಡಿಸ್ಕನ್ನು ಮೇಲಿಂದ ಇಳಿಸಿ ಕತ್ತರಿಸುವ ಯಂತ್ರ) ಬಲು ಬೇಗ. 14 ಇಂಚಿನ ಡಿಸ್ಕ್ ಕೆಲವೇ ಸೆಕೆಂಡಿನಲ್ಲಿ ಟ್ಯೂಬ್ ತುಂಡು ಮಾಡುತ್ತದೆ. ಆದರೆ ಓರೆಯಲ್ಲಿ ಜೋರಾಗಿ ಒತ್ತಿದರೆ ಡಿಸ್ಕ್ ಬಾಗಿ ಕೋನ ತಪ್ಪುತ್ತದೆ. ಅಂಚು ನೀಲಿಯಾಗುತ್ತದೆ, ಒಳಗೆ ಚೂಪಾದ ಬರ್ (ಅಂಚಿಗೆ ಅಂಟಿದ ಲೋಹದ ಚೂರು) ಉಳಿಯುತ್ತದೆ. ಕಿಡಿ, ಸದ್ದು ಬೇರೆ. ಅಕ್ಕಪಕ್ಕ ಮನೆಗಳಿದ್ದರೆ ಕಷ್ಟ ಅಲ್ವಾ?

ನನ್ನ ಆಯ್ಕೆ ಬ್ಯಾಂಡ್ ಸಾ, ಅಂದರೆ ಪಟ್ಟಿಯಂಥ ಗರಗಸ ಸುತ್ತುತ್ತಾ ಕತ್ತರಿಸುವ ಯಂತ್ರ. ನಿಧಾನ, ನಿಜ. ಆದರೆ ಟ್ಯೂಬನ್ನು ಹಿಡಿಯುವ ವೈಸನ್ನು 45 ಡಿಗ್ರಿವರೆಗೆ ತಿರುಗಿಸಿ, ಒಮ್ಮೆ ಬಿಗಿ ಮಾಡಿದರೆ ಎಡ-ಬಲದ ಜೋಡಿ ತುಂಡುಗಳು ಒಂದೇ ಅಳತೆಗೆ ಬರುತ್ತವೆ. ಅಂಚು ತಣ್ಣಗಿರುತ್ತದೆ. ಫೈಲ್ ಎರಡು ಸಲ ಎಳೆದರೆ ಸಾಕು. ಮೊದಲು ಹಳೇ ತುಂಡಿನಲ್ಲಿ ಕೋನ ಪರೀಕ್ಷಿಸಿ. ವೈಸಿನ ಮೇಲಿನ ಗುರುತನ್ನು ಸುಮ್ನೆ ನಂಬಬೇಡಿ.

ದುಡ್ಡು ಕಡಿಮೆ ಇದ್ದರೆ 1 ಮಿ.ಮೀ. ಡಿಸ್ಕಿನ ಗ್ರೈಂಡರ್ ಸಾಕು. ನಾಲ್ಕೂ ಮುಖಕ್ಕೆ ಗೆರೆ ಎಳೆಯಿರಿ, ಗೆರೆಯ ಹೊರಗೆ ಕತ್ತರಿಸಿ, ಉಳಿದದ್ದನ್ನು ಫೈಲ್‌ನಿಂದ ಉಜ್ಜಿ. ತಾಳ್ಮೆ ಇದ್ದವರ ಜಾಯಿಂಟ್ ಇದರಲ್ಲೂ ಚೆನ್ನಾಗಿ ಕೂರುತ್ತದೆ.

ರೋಲ್ ಬಾರ್‌ನಂಥ (ಕಾರು ಮಗುಚಿದರೆ ತಲೆ ಕಾಯುವ ಕಂಬಿ) ದುಂಡು ಟ್ಯೂಬಿಗೆ ಮಾತ್ರ ಹೋಲ್ ಸಾ (ದುಂಡು ತೂತು ಕೊರೆಯುವ ಗರಗಸ) ಇರುವ ನಾಚರ್ ಬೇಕು; ಅದು ಟ್ಯೂಬಿನ ತುದಿಯನ್ನು ಎದುರಿನ ಟ್ಯೂಬಿನ ಮೇಲೆ ಕೂರುವಂತೆ ಬಾಗಿದ ಆಕಾರಕ್ಕೆ ಕತ್ತರಿಸುತ್ತದೆ. ಹೋಲ್ ಸಾ ಅಳತೆ ಎದುರಿನ ಟ್ಯೂಬಿನ ಹೊರ ಅಳತೆಯಷ್ಟೇ ಇರಲಿ.