ದಿರ್ಹಮ್ ರೂಪಾಯಿ ಮಾಡಿಸಲು ಎಲ್ಲಿ ಲಾಭ? ಮೂರೂ ಕಡೆ ನೋಡಿದ ಮೇಲೆ

ಕೊಡಗಿನ ವಿರಾಜಪೇಟೆ, ನಾಪೋಕ್ಲು, ಸಿದ್ದಾಪುರದ ಕಡೆ ಗಲ್ಫ್‌ನಲ್ಲಿ ದುಡಿಯುವವರು ತುಂಬ ಜನ. ರಜೆಗೆ ಬರುವಾಗ ದುಬೈ, ಅಬುಧಾಬಿ ಕಡೆಯ ಹಣವಾದ ದಿರ್ಹಮನ್ನು ಎಲ್ಲಿ ರೂಪಾಯಿ ಮಾಡಿಸುವುದು ಎಂದು ಎಲ್ಲರೂ ಕೇಳುತ್ತಾರೆ. ವಿಮಾನ ನಿಲ್ದಾಣದ ಕೌಂಟರ್, ಊರಿನ ಮನಿ ಚೇಂಜರ್, ಅಲ್ಲಿಂದಲೇ ಖಾತೆಗೆ ಹಾಕುವುದು, ಈ ಮೂರನ್ನೂ ನಾನು ಮಾಡಿ ನೋಡಿದ್ದೇನೆ.

ಮೊದಲು ಒಂದು ಲೆಕ್ಕ ಗೊತ್ತಿರಬೇಕು. ದಿರ್ಹಮ್ ಡಾಲರಿಗೆ ಕಟ್ಟಿದ ನಾಣ್ಯ. 1997ರಿಂದ 1 ಡಾಲರಿಗೆ 3.6725 ದಿರ್ಹಮ್, ಅದು ಕದಲಿಲ್ಲ. ಏರಿಳಿಯುವುದು ನಮ್ಮ ರೂಪಾಯಿ. ಅಂದಿನ ಡಾಲರ್ ದರವನ್ನು 3.6725ರಿಂದ ಭಾಗಿಸಿದರೆ ಅಸಲಿ ದರ ಕೈಗೆ ಸಿಗುತ್ತದೆ. ಡಾಲರ್ 86 ರೂಪಾಯಿ ಇದ್ದ ದಿನ ದಿರ್ಹಮ್ 23.42. ಕೌಂಟರಿನವರು ಅದಕ್ಕಿಂತ ಎಷ್ಟು ಕಡಿಮೆ ಕೊಡುತ್ತಾರೋ ಅದೇ ಅವರ ಲಾಭ, ‘ಕಮಿಷನ್ ಇಲ್ಲ’ ಎಂದು ಬೋರ್ಡ್ ಹಾಕಿದ್ದರೂ ಅಷ್ಟೇ. ಅಸಲಿ ದರಕ್ಕಿಂತ 50 ಪೈಸೆ ಕಡಿಮೆ ಎಂದರೆ 2,000 ದಿರ್ಹಮ್‌ಗೆ 1,000 ರೂಪಾಯಿ ಹೋಯಿತು.

ನಿಲ್ದಾಣದ ಕೌಂಟರಿನಲ್ಲಿ ನನಗೆ ಸಿಕ್ಕಿದ್ದು ಮೂರರಲ್ಲೂ ಕೆಟ್ಟ ದರ. ಕಣ್ಣೂರಿನಲ್ಲಿ ಇಳಿದು ಮಾಕುಟ್ಟ ಘಾಟಿ ಹತ್ತುವವರು ಟ್ಯಾಕ್ಸಿಗೆ, ಊಟಕ್ಕೆ ಬೇಕಾದಷ್ಟು ಮಾತ್ರ ಮಾಡಿಸಿದರೆ ಸಾಕು.

ಊರಿನ ಮನಿ ಚೇಂಜರ್ ಬಳಿ ಮಾತಿಗೆ ಜಾಗವಿದೆ. ದೊಡ್ಡ ನೋಟುಗಳಿದ್ದು, ಮೊತ್ತವೂ ಹೆಚ್ಚಿದ್ದರೆ ಕೇಳಿದಾಗ ಕೆಲವು ಪೈಸೆ ಏರಿಸುತ್ತಾರೆ. ಪಾಸ್‌ಪೋರ್ಟ್ ತೆಗೆದುಕೊಂಡು ಹೋಗಿ, ರಸೀದಿ ಬಿಡಬೇಡಿ. ಜಿಎಸ್‌ಟಿಯನ್ನೂ ನೆನಪಿಡಿ: 25,000 ರೂಪಾಯಿಯವರೆಗೆ ಎಷ್ಟು ಮಾಡಿಸಿದರೂ ತೆರಿಗೆ 45 ರೂಪಾಯಿ. ಚೂರುಚೂರಾಗಿ ಮಾಡಿಸಿದರೆ ಪ್ರತಿ ಸಲವೂ ಅಷ್ಟು ಕಟ್ಟಬೇಕು. ಚಿಲ್ಲರೆ ನಾಣ್ಯ ಯಾರೂ ಮುಟ್ಟುವುದಿಲ್ಲ. 1 ದಿರ್ಹಮ್ ನಾಣ್ಯದ ಮೇಲೆ ಉದ್ದ ಮೂತಿಯ ಅರಬ್ಬೀ ಕಾಫಿ ಹೂಜಿ ಇದೆ; ಕಾಫಿ ನಾಡಿನ ಮಕ್ಕಳಿಗೆ ಕೊಡಲು ಅದು ಚೆಂದ.

ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ಒಂದು ಕಾಲದಲ್ಲಿ ದುಬೈಯಲ್ಲಿ ಈ ಲೆಕ್ಕವೇ ಬೇಕಿರಲಿಲ್ಲ, ಅಲ್ಲಿ ನಡೆಯುತ್ತಿದ್ದದ್ದೇ ನಮ್ಮ ರೂಪಾಯಿ. ಚಿನ್ನದ ಕಳ್ಳಸಾಗಣೆಯಿಂದ ವಿದೇಶಿ ವಿನಿಮಯ ಸೋರುತ್ತಿದ್ದದ್ದಕ್ಕೆ 1959ರಲ್ಲಿ ರಿಸರ್ವ್ ಬ್ಯಾಂಕ್ ಗಲ್ಫ್‌ಗೆಂದೇ ಬೇರೆ ಬಣ್ಣದ, ಸಂಖ್ಯೆಯ ಮುಂದೆ ‘ಝಡ್’ ಅಕ್ಷರವಿದ್ದ ನೋಟು ಹೊರಡಿಸಿತು. ಅದರ ಬೆಲೆ ನಮ್ಮ ರೂಪಾಯಿಗೆ ಸಮ. 1966ರ ಜೂನ್ 6ರಂದು ಡಾಲರಿಗೆ 4.76 ಇದ್ದ ರೂಪಾಯಿಯನ್ನು 7.50ಕ್ಕೆ ಇಳಿಸಿದಾಗ ದುಬೈ, ಕತಾರ್‌ಗಳು ಅದನ್ನು ಕೈಬಿಟ್ಟವು. ದಿರ್ಹಮ್ ಬಂದದ್ದು 1973ರಲ್ಲಿ.

ನನ್ನ ಆಯ್ಕೆ ಮೂರನೆಯದು. ಎಕ್ಸ್‌ಚೇಂಜ್ ಹೌಸ್‌ನಿಂದಲೋ ಆ್ಯಪ್‌ನಿಂದಲೋ ಎನ್‌ಆರ್‌ಇ ಖಾತೆಗೆ (ಹೊರದೇಶದಲ್ಲಿ ದುಡಿಯುವವರು ಇಲ್ಲಿನ ಬ್ಯಾಂಕಿನಲ್ಲಿ ಇಡುವ ರೂಪಾಯಿ ಖಾತೆ) ಹಾಕಿದಾಗ ಅಸಲಿ ದರಕ್ಕೆ ತೀರಾ ಹತ್ತಿರದ ದರ ಸಿಕ್ಕಿತು. ನಾನು ಕಳಿಸಿದ ಕಡೆ ಶುಲ್ಕ ಮೊತ್ತಕ್ಕಲ್ಲ, ಸಲಕ್ಕೆ ಇಷ್ಟೆಂದು. ಹಾಗಾಗಿ ಒಟ್ಟಾಗಿ ಕಳಿಸುವುದೇ ಮೇಲು. ಕೊಯ್ಲಿನ ಕೂಲಿಗೆ ಶನಿವಾರ ನಗದು ಬೇಕಿದ್ದರೆ ಬುಧವಾರವೇ ಕಳಿಸಿಬಿಡಿ: 2022ರಿಂದ ಅಲ್ಲಿ ಶನಿವಾರ, ಭಾನುವಾರ ವಾರದ ರಜೆ, ಇಲ್ಲಿ ಎರಡನೇ, ನಾಲ್ಕನೇ ಶನಿವಾರ ಬ್ಯಾಂಕ್ ತೆರೆಯುವುದಿಲ್ಲ.